ಹಬ್ಬಕ್ಕೂ ವಾರದ ಲೆಕ್ಕವೇ?



ಮಾತೆ ಮರಿಯಮ್ಮನವರ ಹಬ್ಬದಂದು ಬಲಿಪೂಜೆಗೆ ಹೋಗಲೇಬೇಕೇ? ಆಗಸ್ಟ್ 15 ನಮ್ಮ ದೇಶದಲ್ಲಿ ಸಾರ್ವತ್ರಿಕ ರಜಾದಿನವಾದ್ದರಿಂದ ಇಲ್ಲಿನವರಿಗೆ ಈ ಪ್ರಶ್ನೆ ಅಷ್ಟಾಗಿ ತಟ್ಟದು. ಅಮೆರಿಕದಲ್ಲಿ ನೆಲೆಸಿರುವವರಿಗೆ ಮಾತ್ರ ಇದು ಪ್ರತಿವರ್ಷದ ಗೊಂದಲ.

ಧರ್ಮಸಭೆಯ 1983ರ ಕಾನೂನು ಸಂಹಿತೆಯ 1246ನೆಯ ವಿಧಿಯು ಭಾನುವಾರಗಳಲ್ಲದೆ ಹತ್ತು ಕಡ್ಡಾಯ ಹಬ್ಬಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಮೂರು ಮರಿಯಮ್ಮನವರವು: ಜನವರಿ 1ರ ದೇವಮಾತೆಯ ಹಬ್ಬ, ಆಗಸ್ಟ್ 15ರ ಸ್ವರ್ಗಸ್ವೀಕಾರ, ಡಿಸೆಂಬರ್ 8ರ ಅಮಲೋದ್ಭವ. ರೋಮಿನ ಒಪ್ಪಿಗೆ ಪಡೆದು ಆಯಾ ದೇಶದ ಧರ್ಮಾಧ್ಯಕ್ಷರು ಈ ಪಟ್ಟಿಯನ್ನು ಕಿರಿದುಗೊಳಿಸಬಹುದು. ಅದಕ್ಕೆ ನನ್ನ ತಕರಾರಿಲ್ಲ.

ತಕರಾರಿರುವುದು ಅಮೆರಿಕದ ಧರ್ಮಾಧ್ಯಕ್ಷರು 1991ರಲ್ಲಿ ಕೈಗೊಂಡ ನಿರ್ಣಯಕ್ಕೆ. ಜನವರಿ 1 ಅಥವಾ ಆಗಸ್ಟ್ 15 ಶನಿವಾರವೋ ಸೋಮವಾರವೋ ಬಂದರೆ ಕಡ್ಡಾಯವಿಲ್ಲ! 2022ರ ಆಗಸ್ಟ್ 15 ಸೋಮವಾರ, ಆದ್ದರಿಂದ ವಿನಾಯಿತಿ. 2023ರಲ್ಲಿ ಮಂಗಳವಾರ, ಆದ್ದರಿಂದ ಕಡ್ಡಾಯ. ಅದೇ ಹಬ್ಬ, ಅದೇ ತಾಯಿ, ಬದಲಾದದ್ದು ವಾರವೊಂದೇ.

2024ರಲ್ಲಿ ಗೊಂದಲ ಇನ್ನೂ ಬೆಳೆಯಿತು. ಡಿಸೆಂಬರ್ 8 ಆಗಮನಕಾಲದ ಭಾನುವಾರವಾದ್ದರಿಂದ ಹಬ್ಬವು ಸೋಮವಾರಕ್ಕೆ ಸರಿಯಿತು. ಕಡ್ಡಾಯವೂ ಜೊತೆಗೆ ಸರಿಯುತ್ತದೆಂದು ವ್ಯಾಟಿಕನ್ನಿನ ಶಾಸನಗಳ ಇಲಾಖೆ ಹೇಳಿತು. ಸರಿಯುವುದಿಲ್ಲವೆಂದು 2025ರ ಜನವರಿಯಲ್ಲಿ ಅಲ್ಲಿನದೇ ದೈವಾರಾಧನೆಯ ಇಲಾಖೆ ತಿಳಿಸಿತು! ಸಾಮಾನ್ಯ ಭಕ್ತನು ಯಾರ ಮಾತನ್ನು ನಂಬಬೇಕು?

ದುಡಿಯುವ ಜನರಿಗೆ ಸತತ ಎರಡು ದಿನ ಕಷ್ಟವೆಂಬುದು ಇದರ ಸಮರ್ಥನೆ. ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಪರಿಹಾರ ಸಂಹಿತೆಯಲ್ಲೇ ಇದೆ. ಹಿಂದಿನ ಸಂಜೆಯ ಪೂಜೆಗೆ ಹೋದರೂ ಸಾಕು. ತಕ್ಕ ಕಾರಣವಿದ್ದರೆ ಸ್ಥಳೀಯ ಗುರುಗಳೇ ವಿನಾಯಿತಿ ನೀಡಬಲ್ಲರು. ರೋಗಿಗಳಿಗೂ ಹಸುಗೂಸಿನ ಆರೈಕೆಯಲ್ಲಿರುವವರಿಗೂ ದೋಷವಿಲ್ಲ. ಕಷ್ಟದಲ್ಲಿರುವವನಿಗೆ ತೋರುವ ರಿಯಾಯಿತಿ ಕರುಣೆ. ಕಷ್ಟವಿಲ್ಲದವನಿಗೂ ಹಂಚಿದರೆ ಅದು ಬರಿಯ ಅನುಕೂಲಶಾಸ್ತ್ರ.

"ಕಡ್ಡಾಯವನ್ನೇ ತೆಗೆದುಬಿಡಿ" ಎನ್ನುವವರ ವಾದ ಇದಕ್ಕಿಂತ ಪ್ರಾಮಾಣಿಕವಾದುದು. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವವನ್ನೇ ನೋಡಿ. ಅದು ಆ ಹತ್ತರ ಪಟ್ಟಿಯಲ್ಲಿಲ್ಲ. ಆದರೂ ಅಂದು ಬೆಂಗಳೂರಿನ ಶಿವಾಜಿನಗರದ ಬೆಸಿಲಿಕದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಕರಾವಳಿಯಲ್ಲಿ ಅದೇ ಮೊಂತಿ ಹಬ್ಬ. ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುತ್ತಾರೆ, ಹೊಸ ತೆನೆಗೆ ಆಶೀರ್ವಾದವಾಗುತ್ತದೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ರುಚಿ ನೋಡುತ್ತಾರೆ. ಯಾವ ಕಾನೂನೂ ಅವರನ್ನು ಎಳೆದು ತಂದಿಲ್ಲ.

ಆದ್ದರಿಂದ ನನ್ನ ಆಗ್ರಹವಿಷ್ಟೆ: ಹಬ್ಬ ದೊಡ್ಡದೆಂದಾದರೆ ಯಾವ ವಾರ ಬಂದರೂ ಕಡ್ಡಾಯವಾಗಿರಲಿ, ಇಲ್ಲವಾದರೆ ಪಟ್ಟಿಯಿಂದ ತೆಗೆದು ಜನರ ಪ್ರೀತಿಗೆ ಬಿಡಲಿ. ತರಗತಿಯಲ್ಲಿ ದಿನಕ್ಕೊಂದು ನಿಯಮ ಮಾಡಿದರೆ ಮಕ್ಕಳು ನಿಯಮವನ್ನು ಕಲಿಯುವುದಿಲ್ಲ, ತಪ್ಪಿಸಿಕೊಳ್ಳುವ ದಿನವನ್ನು ಎಣಿಸಲು ಕಲಿಯುತ್ತಾರೆ. ಇದು ನನ್ನ ಕಸುಬು ನನಗೆ ಕಲಿಸಿದ ಪಾಠ. ಒಪ್ಪದವರು ಸಂಕೋಚವಿಲ್ಲದೆ ಬರೆಯಿರಿ.