ಕೋವಿ ಮನೆಯಲ್ಲೇ ಇದೆ, ಆದರೆ ಟ್ರ್ಯಾಪ್ ಶೂಟಿಂಗ್‌ಗೆ ಅದು ಸಾಕಾ?

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರು. ಬಹುಮಾನಕ್ಕೆ ಪೇಟೆಯ ಅಂಗಡಿಯವರು ಕೈಯಿಂದ ದುಡ್ಡು ಹಾಕುವುದೂ ಉಂಟು. ಅಲ್ಲಿ ಕಾಯಿ ಒಡೆದ ಹುಡುಗ, ಹುಡುಗಿಯರಲ್ಲಿ ಕೆಲವರಿಗೆ ಮುಂದಿನ ಆಸೆ ಟ್ರ್ಯಾಪ್ ಶೂಟಿಂಗ್. 2006ರಲ್ಲಿ ಮಾನವ್‌ಜಿತ್ ಸಿಂಗ್ ಸಂಧು ವಿಶ್ವ ಚಾಂಪಿಯನ್ ಆಗಿದ್ದು ಇದೇ ಸ್ಪರ್ಧೆಯಲ್ಲಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಇದರ ಇನ್ನೊಂದು ಬಗೆಯಾದ ಡಬಲ್ ಟ್ರ್ಯಾಪ್‌ನಲ್ಲಿ.

ಆಸೆ ಹುಟ್ಟಿದ ಕೂಡಲೇ ಮನೆಯಲ್ಲಿ ಬರುವ ಪ್ರಶ್ನೆ ಒಂದೇ: ಯಾವ ಕೋವಿ ತಗೊಳ್ಳೋದು? ನಿಜ ಹೇಳಬೇಕೆಂದರೆ, ಮೊದಲು ಕೇಳುವ ಈ ಪ್ರಶ್ನೆ ಕೊನೆಗೆ ಬರಬೇಕು. ಕೋವಿ ಅಂದ್ರೆ ಮೊಬೈಲ್ ಅಲ್ಲ, ಸರಿ ಬರಲಿಲ್ಲ ಅಂತ ವಾರ ಬಿಟ್ಟು ಬದಲಾಯಿಸೋಕೆ ಆಗಲ್ಲ. ಮಾರಬೇಕಾದರೆ ಕೊಳ್ಳುವವರಿಗೂ ಕಾನೂನಿನ ಅರ್ಹತೆ ಇರಬೇಕು, ಅಧಿಕಾರಿಗಳಿಗೆ ಮೊದಲೇ ಬರೆದು ತಿಳಿಸಬೇಕು.

ಕಾಯಿ ಬೇರೆ, ಹಾರುವ ಬಿಲ್ಲೆ ಬೇರೆ

ತೆಂಗಿನಕಾಯಿ ಕಟ್ಟಿದ ಜಾಗದಲ್ಲೇ ಇರುತ್ತದೆ. ನಿಂತು, ಉಸಿರು ಹಿಡಿದು, ಗುರಿ ಇಟ್ಟು ಹೊಡೆಯಬಹುದು. ಟ್ರ್ಯಾಪ್‌ನಲ್ಲಿ 11 ಸೆಂ.ಮೀ. ಅಗಲದ ಬಿಲ್ಲೆಯೊಂದು 15 ಮೀಟರ್ ಮುಂದಿನ ಹಳ್ಳದಿಂದ ಚಿಮ್ಮಿ ದೂರಕ್ಕೆ ಓಡುತ್ತದೆ. ಎಡಕ್ಕೋ, ಬಲಕ್ಕೋ, ನೇರಕ್ಕೋ ಗೊತ್ತಿರುವುದಿಲ್ಲ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಐದು ನಿಲ್ದಾಣ, ಪ್ರತಿಯೊಂದಕ್ಕೆ ಮೂರರಂತೆ 15 ಯಂತ್ರ, ಒಂದು ಸುತ್ತಿಗೆ 25 ಬಿಲ್ಲೆ. ಗುರಿ ಇಡಲು ಪುರುಸೊತ್ತಿಲ್ಲ. ಕಣ್ಣು ಬಿಲ್ಲೆಯ ಮೇಲೆ, ಕೋವಿ ತಾನಾಗಿ ಕಣ್ಣಿನ ಜೊತೆ ಹೋಗಬೇಕು. ಹಾಗಾಗಿ ಇಲ್ಲಿ ಕಂಪನಿ ಹೆಸರಿಗಿಂತ ಮೈಗೆ ಕೂರುವುದು ದೊಡ್ಡದು.

ಅಜ್ಜನ ಜೋಡು ನಳಿಗೆ

ನಮ್ಮಲ್ಲಿ ಹಳೇ ಮನೆಗಳಲ್ಲಿರುವುದು ಹೆಚ್ಚಾಗಿ ಒಂಟಿ ನಳಿಗೆ ಅಥವಾ ಪಕ್ಕಪಕ್ಕದ ಜೋಡು ನಳಿಗೆ ಕೋವಿ. ತೋಟಕ್ಕೆ, ಹಬ್ಬಕ್ಕೆ ಒಗ್ಗಿದ ಹಗುರ ಕೋವಿ ಅದು. ದಿನಕ್ಕೆ ನೂರು ತೋಟಾ ಹೊಡೆದರೆ ಭುಜ ಊದಿಕೊಳ್ಳುತ್ತದೆ. ಪೆಟ್ಟಿಗೆ ಹೆದರಿ ಕಣ್ಣು ಮುಚ್ಚುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ.

ಇನ್ನೊಂದು ಅಪಾಯವೂ ಇದೆ. ಹಳೇ 12 ಬೋರ್ ಕೋವಿಗಳಲ್ಲಿ ಹಲವು 65 ಮಿ.ಮೀ. ತೋಟಾಕ್ಕೆ ಮಾಡಿದವು. ಈಗ ಸಿಗುವುದು ಹೆಚ್ಚಾಗಿ 70 ಮಿ.ಮೀ. ಅದು ಒಳಗೆ ಕೂತರೂ ಹೊಡೆದಾಗ ಒತ್ತಡ ಮಿತಿ ಮೀರಬಹುದು. ತಿಳಿದವರಿಗೆ ತೋರಿಸದೆ ಅಜ್ಜನ ಕೋವಿಯನ್ನು ರೇಂಜಿಗೆ ಒಯ್ಯಬೇಡಿ. ಅದು ನೆಲ್ಲಕ್ಕಿ ಬಾಡೆಯಲ್ಲಿ ಪೂಜೆಗೆ ಇರಲಿ.

ಏನು ನೋಡಬೇಕು?

12 ಬೋರ್, ಒಂದರ ಮೇಲೊಂದು ನಳಿಗೆ ಇರುವುದೇ ಟ್ರ್ಯಾಪ್‌ಗೆ ರೂಢಿ. ನಳಿಗೆ ಸಾಮಾನ್ಯವಾಗಿ 30 ಇಂಚು, ತೂಕ ಮೂರೂವರೆ ಕಿಲೋ ಮೇಲೆ. ಭಾರ ಇದ್ದಷ್ಟು ಪೆಟ್ಟು ಕಮ್ಮಿ, ಆದರೆ ಎತ್ತುವ ಕೈ ಸೋಲಬಾರದು. ಬಿಲ್ಲೆ ದೂರದಲ್ಲಿ ಒಡೆಯುವುದರಿಂದ ನಳಿಗೆಯ ಬಾಯಿ ಬಿಗಿಯಾಗಿರಬೇಕು. ಬದಲಾಯಿಸುವ ಚೋಕ್ ಇದ್ದರೆ ಹೊಸಬರಿಗೆ ಒಳ್ಳೇದು.

ಮೈಗೆ ಕೂರುತ್ತದಾ ಅಂತ ನೋಡುವುದು ಹೀಗೆ: ಕೋವಿ ಖಾಲಿ ಇದೆ ಎಂದು ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಊರಿ, ಕಣ್ಣು ಬಿಡಿ. ಕಣ್ಣು ನಳಿಗೆಯ ನೇರಕ್ಕೆ ಬಂದರೆ ಸರಿ. ತಲೆ ಎತ್ತಬೇಕಾದರೆ, ಬಗ್ಗಿಸಬೇಕಾದರೆ ಅದು ನಿಮ್ಮದಲ್ಲ. ಕೆನ್ನೆ ಊರುವ ಮರವನ್ನು ಏರಿಸಿ ಇಳಿಸಲು ಬರುವಂಥದ್ದಾದರೆ ಬೆಳೆಯುವ ಮಕ್ಕಳಿಗೆ ಅನುಕೂಲ. ಬಲಗೈಯವರಿಗೆ ಎಡಗಣ್ಣು ಬಲವಾಗಿರುವುದೂ ಉಂಟು, ಅದನ್ನು ಮೊದಲೇ ಪರೀಕ್ಷಿಸಿ.

ಲೆಕ್ಕ ಕೋವಿಗೆ ಮುಗಿಯಲ್ಲ. ಒಂದು ಬಿಲ್ಲೆಗೆ ಎರಡು ಗುಂಡಿನ ಅವಕಾಶ. ಅಂದರೆ ಒಂದು ಸುತ್ತಿಗೆ 25ರಿಂದ 50 ತೋಟಾ, ನಾಲ್ಕು ಸುತ್ತಿಗೆ 100ರಿಂದ 200. ಅದೂ 24 ಗ್ರಾಂ ಸೀಸದ ಹಗುರ ತೋಟಾ, ಬೇಟೆಯದ್ದಲ್ಲ. ಇದ್ದ ದುಡ್ಡೆಲ್ಲಾ ನಕಾಶೆ ಕೆತ್ತಿದ ಇಟಲಿ ಕೋವಿಗೆ ಸುರಿದು, ತೋಟಾಕ್ಕೆ ಕಾಸಿಲ್ಲದೆ ಕೂತರೆ ಏನು ಬಂತು?

ಕಾಗದ ಪತ್ರ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವಧಿ 2029ರವರೆಗೆ. ಆದರೆ ಜಿಲ್ಲೆ ದಾಟಿ ಒಯ್ಯುವ ಕೋವಿ, ತೋಟಾಕ್ಕೆ ಮಿತಿ ಇದೆ. ಟ್ರ್ಯಾಪ್ ಕಲಿಯುವವರು ಊರೂರು ಸುತ್ತಲೇಬೇಕು, ಹಾಗಾಗಿ ಹೊರಡುವ ಮುನ್ನ ಡಿ.ಸಿ. ಕಚೇರಿಯಲ್ಲಿ ಕೇಳಿಕೊಳ್ಳಿ.

ಉಳಿದವರು ಪರವಾನಗಿ ಮೇಲೆಯೇ ಹೋಗಬೇಕು. 2019ರ ತಿದ್ದುಪಡಿ ಒಬ್ಬರ ಕೋವಿ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಸಾಧನೆ ಮಾಡಿದ ಶೂಟರ್‌ಗಳಿಗೆ ಹೆಚ್ಚಿಗೆ ಅವಕಾಶ ಇದೆ. ಹಿರಿಯರಿಂದ ಬಂದ ಎರಡು ಕೋವಿ ನಿಮ್ಮ ಹೆಸರಿನಲ್ಲಿದ್ದರೆ ಟ್ರ್ಯಾಪ್ ಕೋವಿಗೆ ಜಾಗ ಸಿಗದೇ ಹೋಗಬಹುದು. ಒಂದನ್ನು ಬಿಡಬೇಕಾಗಬಹುದು. ತಪ್ಪು ಕೋವಿ ಕೊಂಡವರು ಕಳೆದುಕೊಳ್ಳುವುದು ಬರೀ ಹಣವಲ್ಲ, ಆ ಜಾಗವನ್ನೂ.

ಹಾಗಾಗಿ ದಾರಿ ಇದು: ಮೊದಲು ರೈಫಲ್ ಅಸೋಸಿಯೇಷನ್ ಸದಸ್ಯತ್ವ, ಆಮೇಲೆ ಕ್ಲಬ್ಬಿನ ಕೋವಿಯಲ್ಲಿ ತರಬೇತುದಾರರ ಕೈಕೆಳಗೆ ಕೆಲವು ತಿಂಗಳು, ಬೇರೆ ಬೇರೆ ಕೋವಿ ಹೊಡೆದು ನೋಡುವುದು, ಕೊನೆಗೆ ಖರೀದಿ. ಸ್ಪರ್ಧೆಗೆ ಬಹುಮಾನ ಕೊಡುವ ಅಂಗಡಿಯವರಿಗೂ ಒಂದು ಮಾತು. ಗೆದ್ದವರಿಗೆ ಇನ್ನೊಂದು ಟ್ರೋಫಿ ಕೊಡುವ ಬದಲು, ಚೆನ್ನಾಗಿ ಹೊಡೆಯುವ ಒಬ್ಬ ಹುಡುಗಿಗೋ ಹುಡುಗನಿಗೋ ಒಂದು ತಿಂಗಳ ತರಬೇತಿ ಖರ್ಚು ವಹಿಸಿಕೊಳ್ಳಿ. ಕೋವಿಗೆ ನಮ್ಮಲ್ಲಿ ಬರ ಇಲ್ಲ. ಕಲಿಯುವ ಅವಕಾಶಕ್ಕೆ ಇದೆ.