ದಿನಕ್ಕೊಂದು ಗಳಿಗೆ

ನಮ್ಮ ಅಣ್ಣನವರು ಲಾಲ್‌ಬಾಗಿಗೆ ಬೆಳಗಿನ ವಾಯುಸೇವನೆಗೆಂದು ಹೋಗಲಾರಂಭಿಸಿ ಮೂವತ್ತು ವರ್ಷಗಳಾದುವು. ಮಳೆಯಿರಲಿ ಚಳಿಯಿರಲಿ, ಐದೂವರೆ ಗಂಟೆಗೆ ಬೀದಿಬಾಗಿಲಿನ ಅಗುಳಿ ಸದ್ದಾಯಿತೆಂದರೆ ಅವರು ಹೊರಟರೆಂದೇ ಅರ್ಥ. ಏಳು ಗಂಟೆಗೆ ಮರಳಿ ಬಂದು ಜಗಲಿಯ ಮೇಲೆ ಕುಳಿತೊಡನೆ ಹಬೆಯಾಡುವ ಕಾಫಿಯ ಲೋಟವು ಎದುರಿಗೆ ಬರುವುದು. ವ್ಯಾಯಾಮದ ಮಹಿಮೆಯನ್ನು ಕುರಿತು ಅವರಿಂದ ಉಪದೇಶ ಕೇಳದ ನೆಂಟರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಹೀಗಿರಲು, ಕಳೆದ ವರ್ಷ ನಮ್ಮ ಅತ್ತಿಗೆಯವರಿಗೆ ಮಧುಮೇಹವಿರುವುದು ಗೊತ್ತಾಗಿ, ವೈದ್ಯರು ಔಷಧಿಯ ಚೀಟಿಯ ತಲೆಯ ಮೇಲೆಯೇ ‘ಪ್ರತಿದಿನವೂ ನಡೆಯತಕ್ಕದ್ದು’ ಎಂದು ಬರೆದು ಕಳುಹಿಸಿದರು.

“ಅತ್ತಿಗೆ, ನಾಳೆಯಿಂದ ನೀವೂ ಅಣ್ಣನ ಜತೆಗೆ ಹೊರಡಬಹುದಲ್ಲ?” ಎಂದು ನಾವು ಸಹಜವಾಗಿ ಕೇಳಿದೆವು.

“ಹೊರಡಬಹುದಪ್ಪ. ಐದೂವರೆಗೆ ಹಾಲು ಕಾಯಿಸುವವರು ಯಾರು? ಆರಕ್ಕೆ ಮೊಮ್ಮಕ್ಕಳ ಡಬ್ಬಿಗೆ ಒಗ್ಗರಣೆ ಹಾಕುವವರು ಯಾರು? ನಿಮ್ಮಣ್ಣ ಬಂದು ಕುಳಿತಾಗ ಡಿಕಾಕ್ಷನ್ ಇಳಿದಿರಬೇಕಲ್ಲ?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಣ್ಣನವರು ವೃತ್ತಪತ್ರಿಕೆಯ ಹಿಂದೆ ಮರೆಯಾದರು. ಮೂವತ್ತು ವರ್ಷ ಅವರು ತಪ್ಪದೆ ನಡೆದದ್ದು ಯಾರ ಬಲದಿಂದ ಎಂಬುದು ಆ ದಿನ ನಮಗೆ ಹೊಳೆಯಿತು.

ವಾಚಕ ಮಹಾಶಯರಲ್ಲಿಯೂ ಸೋದರಿಯರಲ್ಲಿಯೂ ಈ ತಿಂಗಳು ಈ ವಿಷಯವನ್ನೇ ನಿವೇದಿಸಿಕೊಳ್ಳಬೇಕೆಂದು ನಮಗೆ ತೋರಿದೆ. ಮೊದಲನೆಯದಾಗಿ, ಎಷ್ಟು ನಡೆದರೆ ಸಾಕು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಪ್ರಾಯಕ್ಕೆ ಬಂದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತರದ ದೇಹಶ್ರಮವು ಅವಶ್ಯಕ. ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಗಳಿಗೆಯೆಂದರೆ 24 ನಿಮಿಷ. ದಿನಕ್ಕೊಂದು ಗಳಿಗೆಯಂತೆ ಏಳು ದಿನವೂ ನಡೆದರೆ 168 ನಿಮಿಷಗಳಾಗುವುವು. ಅಂದಮೇಲೆ ಪಂಚಾಂಗದ ಒಂದು ಗಳಿಗೆಯನ್ನು ದಿನವೂ ತೆಗೆದಿಟ್ಟವರಿಗೆ ಕನಿಷ್ಠದ ಲೆಕ್ಕವು ತೀರಿ ಇನ್ನೂ ಸ್ವಲ್ಪ ಉಳಿಯುವುದು. ಆ ಗಳಿಗೆಯನ್ನು ಒಂದೇ ಸಲಕ್ಕೆ ಕಳೆಯಬೇಕೆಂಬ ನಿರ್ಬಂಧವೂ ಇಲ್ಲ. ಬೆಳಿಗ್ಗೆ ಅರ್ಧ, ಸಂಜೆ ಅರ್ಧವೆಂದು ಹಂಚಿಕೊಂಡರೂ ಫಲವುಂಟು.

ಮಧ್ಯಮ ತರವೆಂದರೆ ಯಾವುದೆಂದು ತಿಳಿಯಲು ಯಂತ್ರ ಬೇಕಾಗಿಲ್ಲ. ನಡೆಯುತ್ತ ಜತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಂತಿರಬೇಕು, ಅದೇ ಹದ. ಈಗಿನ ಕಾಲದವರು ಕೈಗಡಿಯಾರವನ್ನು ನೋಡಿ ನೋಡಿ ಹತ್ತು ಸಾವಿರ ಹೆಜ್ಜೆಗಳನ್ನು ಪೂರೈಸುವ ವ್ರತ ಹಿಡಿದಿರುವರಷ್ಟೆ. ಈ ಹತ್ತು ಸಾವಿರವು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರನ್ನಿಟ್ಟಿದ್ದರು. ಅಂಗಡಿಯವರ ಅಂಕಿಯು ಕ್ರಮೇಣ ಲೋಕದ ನಿಯಮವಾಯಿತು. ಅದಕ್ಕಿಂತ ಕಡಿಮೆ ಹೆಜ್ಜೆಗಳಿಂದಲೂ ಸಾಕಷ್ಟು ಪ್ರಯೋಜನವುಂಟೆಂದು ಈಚಿನ ಪರಿಶೋಧನೆಗಳಿಂದ ತಿಳಿದಿದೆ. ಆದ್ದರಿಂದ ಎರಡು ಸಾವಿರ ಹೆಜ್ಜೆ ಕಡಿಮೆಯಾಯಿತೆಂದು ರಾತ್ರಿ ಹನ್ನೊಂದಕ್ಕೆ ನಡುಮನೆಯಲ್ಲಿ ಗಸ್ತು ತಿರುಗುವವರು (ನಮ್ಮ ಮನೆಯಲ್ಲಿಯೂ ಒಬ್ಬರಿದ್ದಾರೆ) ನಿಶ್ಚಿಂತೆಯಿಂದ ಮಲಗಬಹುದು.

ಮಧುಮೇಹವುಳ್ಳವರು ಮಾತ್ರ ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ಇನ್‌ಸುಲಿನ್ ಚುಚ್ಚಿಸಿಕೊಳ್ಳುವವರಿಗೂ, ಕೆಲವು ಬಗೆಯ ಮಾತ್ರೆಗಳನ್ನು ನುಂಗುವವರಿಗೂ ಬರಿಯ ಹೊಟ್ಟೆಯಲ್ಲಿ ಬಿರುಸಾಗಿ ನಡೆದಾಗ ರಕ್ತದ ಸಕ್ಕರೆಯು ಒಮ್ಮೆಲೇ ಇಳಿದುಹೋಗುವುದುಂಟು. ಕೈ ನಡುಗುವುದು, ತಣ್ಣನೆಯ ಬೆವರು, ಕಣ್ಣು ಕತ್ತಲೆಗಟ್ಟುವುದು ಇದರ ಗುರುತುಗಳು. ಸೆರಗಿನ ತುದಿಯಲ್ಲೋ ಜೇಬಿನಲ್ಲೋ ನಾಲ್ಕು ಚಮಚ ಸಕ್ಕರೆಯ ಪೊಟ್ಟಣವಿರಲಿ. ಹೊರಡುವ ಮೊದಲು ಏನು ತಿನ್ನಬೇಕೆಂಬುದನ್ನು ತಮ್ಮ ವೈದ್ಯರನ್ನೇ ಕೇಳಿ ನಿಶ್ಚಯಿಸತಕ್ಕದ್ದು. ಊಟವಾದ ಬಳಿಕ ಹತ್ತು ಹದಿನೈದು ನಿಮಿಷ ಮೆಲ್ಲನೆ ನಡೆದರೆ ಊಟದಿಂದೇರುವ ಸಕ್ಕರೆಯು ತಗ್ಗುವುದೆಂಬುದು ಚೆನ್ನಾಗಿ ಸಿದ್ಧಪಟ್ಟಿರುವ ಸಂಗತಿ. ಪಾದದ ಸ್ಪರ್ಶಜ್ಞಾನ ಮಂದವಾಗಿರುವವರು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಲೇಬಾರದು. ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗುವುದು. ಸೀರೆಯ ಕೆಳಗೆ ಬೂಟು ಚೆನ್ನಾಗಿ ಕಾಣದೆಂಬ ಸಂಕೋಚವು ನಮ್ಮ ಅತ್ತಿಗೆಯವರಿಗೂ ಇತ್ತು. ಲಾಲ್‌ಬಾಗಿನ ಪಶ್ಚಿಮದ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಆ ಸಂಕೋಚವು ತಾನಾಗಿಯೇ ಬಿಟ್ಟುಹೋಗುವುದು. ಕಂಚಿಯ ಸೀರೆಯಿಂದ ಹಿಡಿದು ನೂಲಿನ ಸೀರೆಯವರೆಗೆ ಎಲ್ಲದರ ಕೆಳಗೂ ಅಲ್ಲಿ ಕ್ಯಾನ್ವಾಸು ಬೂಟುಗಳೇ ಕಾಣುವುವು.

ಲಾಲ್‌ಬಾಗಿನ ಮಾತು ಬಂದಾಗ ಸ್ವಲ್ಪ ನಿಂತು ಮುಂದೆ ಹೋಗುವುದು ಯುಕ್ತ. 1760ರಲ್ಲಿ ಹೈದರಾಲಿಯು ಪ್ರಾರಂಭಿಸಿ, ಟಿಪ್ಪು ಸುಲ್ತಾನನು ದೂರದೇಶಗಳ ಸಸಿಗಳನ್ನು ತರಿಸಿ ಬೆಳೆಸಿದ ಈ ತೋಟವು ಈಗ ಸುಮಾರು 240 ಎಕರೆಗಳಷ್ಟಿದೆ. ಗಾಜಿನ ಮನೆಗೆ ಅಸ್ತಿಭಾರವಿಟ್ಟುದು 1889ರಲ್ಲಿ. ತೋಟದೊಳಗಿನ ಬಂಡೆಯೋ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಶಾಸ್ತ್ರಜ್ಞರು ಹೇಳುವರು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ವಯಸ್ಸಾದವರಿಗೆ ಕೆರೆಯ ಸುತ್ತಿನ ಸಮನೆಲದ ದಾರಿ, ಮೊಣಕಾಲು ಗಟ್ಟಿಯಿರುವವರಿಗೆ ಬಂಡೆಯ ಏರು, ಮಾತಿಗೆ ಕುಳಿತುಕೊಳ್ಳುವವರಿಗೆ ಮರದಡಿಯ ಕಲ್ಲುಬೆಂಚು. ಹೀಗೆ ಒಂದೇ ತೋಟದಲ್ಲಿ ಮೂರು ತಲೆಮಾರಿನವರಿಗೂ ಅವರವರ ಶಕ್ತಿಗೆ ತಕ್ಕ ಸ್ಥಳವುಂಟು. ಒಂದು ಮೂಲೆಯಲ್ಲಿ ಸೂರ್ಯನಮಸ್ಕಾರ, ಇನ್ನೊಂದರಲ್ಲಿ ಕೈಯೆತ್ತಿ ಗಹಗಹಿಸಿ ನಗುವವರ ಕೂಟ. ಮೊದಲ ಸಲ ಕಂಡಾಗ ಆ ನಗೆಯು ನಮಗೆ ಕೃತಕವೆನ್ನಿಸಿತು. ಎರಡು ನಿಮಿಷ ನೋಡುತ್ತ ನಿಂತುದರಲ್ಲಿ ನಾವೂ ನಕ್ಕುಬಿಟ್ಟೆವು.

ಕಬ್ಬನ್ ಪಾರ್ಕಿನ ರೀತಿ ಬೇರೆ. 1870ರಲ್ಲಿ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ಕಾಲದಲ್ಲಿ ನಿರ್ಮಿತವಾದ ಇದು 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರನ್ನು ಪಡೆಯಿತಾದರೂ, ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಭಾನುವಾರಗಳಂದು ಒಳಗಿನ ರಸ್ತೆಗಳಲ್ಲಿ ವಾಹನಗಳನ್ನು ಬಿಡದಿರುವುದರಿಂದ, ಬೈಸಿಕಲ್ಲು ಕಲಿಯುವ ಮಕ್ಕಳಿಗೆ ಅಷ್ಟು ನಿರಾತಂಕವಾದ ದಾರಿಯು ಊರಿನಲ್ಲಿ ಇನ್ನೆಲ್ಲಿಯೂ ಸಿಕ್ಕದು. ಕೆಂಪು ಬಣ್ಣದ ಗ್ರಂಥಾಲಯದ ಸುತ್ತಮುತ್ತ ಬಿದಿರುಮೆಳೆಗಳ ನೆರಳಿದೆ. ಕೆಲವು ವರ್ಷಗಳಿಂದೀಚೆಗೆ ತರುಣ ತರುಣಿಯರು ಶನಿವಾರಗಳಂದು ಚಾಪೆ ಹಾಸಿಕೊಂಡು, ಒಬ್ಬರೊಡನೊಬ್ಬರು ಮಾತಾಡದೆ, ತಂತಮ್ಮ ಪುಸ್ತಕಗಳನ್ನು ಓದುತ್ತ ಕುಳಿತಿರುವುದನ್ನು ಅಲ್ಲಿ ಕಾಣಬಹುದು. ದೇಹಕ್ಕೆ ಇದರಿಂದೇನು ಎಂದು ಅಣ್ಣನವರು ಆಕ್ಷೇಪಿಸಿದರು. ವಿಶ್ರಾಂತಿಯೂ ವಿಹಾರದ ಭಾಗವೇ ಎಂದು ನಮ್ಮ ಅಭಿಪ್ರಾಯ.

ಆದರೆ ಎಲ್ಲರ ಮನೆಯೂ ಲಾಲ್‌ಬಾಗಿನ ಬಾಗಿಲಲ್ಲಿರುವುದಿಲ್ಲವಷ್ಟೆ. ಬಹುಮಂದಿಗೆ ದಕ್ಕುವುದು ತಮ್ಮ ಬಡಾವಣೆಯ ಚಿಕ್ಕ ಉದ್ಯಾನವೇ. ಈಗ ಇಂಥವುಗಳಲ್ಲಿ ‘ಓಪನ್ ಜಿಮ್’ ಎಂದು ಕರೆಯುವ ಕಬ್ಬಿಣದ ಸಲಕರಣೆಗಳನ್ನು ನೆಟ್ಟಿರುವರು. ಇವುಗಳಲ್ಲಿ ಹಲವಕ್ಕೆ ತೂಕದ ಗುಂಡುಗಳಿಲ್ಲ. ಆಸನದಲ್ಲಿ ಕುಳಿತು ಹಿಡಿಗಳನ್ನು ಎಳೆದರೆ ನಮ್ಮ ಮೈಭಾರವೇ ಮೇಲಕ್ಕೇಳುವುದು. ಆದ್ದರಿಂದ ಅವು ತೋಳು ಬೆನ್ನುಗಳಿಗೆ ಒಳ್ಳೆಯ ಕೆಲಸ ಕೊಡುವುವು. ಕಾಲುಗಳನ್ನು ಹಿಂದು ಮುಂದಾಗಿ ತೂಗುವ ಸಲಕರಣೆಯು ಹಿತವಾಗಿದ್ದರೂ ಅದು ನಡಿಗೆಗೆ ಸಮನಲ್ಲ. ನೆಲದ ಮೇಲೆ ಹೆಜ್ಜೆಯೂರುವಾಗ ಎಲುಬಿಗೆ ಬೀಳುವ ಭಾರವು ಅದರಲ್ಲಿಲ್ಲ. ಸೊಂಟವನ್ನು ತಿರುಗಿಸುವ ತಟ್ಟೆಯ ಮೇಲೆ ಬೆನ್ನುನೋವಿನವರು ಹತ್ತದಿರುವುದೇ ಲೇಸು. ಯಾವುದೇ ಆಗಲಿ, ಪೂರ್ತಿಯಾಗಿ ನಿಂತ ಮೇಲೆಯೇ ಇಳಿಯಬೇಕು. ಚಿಕ್ಕ ಮಕ್ಕಳು ಅವನ್ನು ಉಯ್ಯಾಲೆಯೆಂದು ಭಾವಿಸಿ ಕೀಲುಗಳ ನಡುವೆ ಬೆರಳಿಡುವರು. ಅಜ್ಜ ಅಜ್ಜಿಯರು ಎಚ್ಚರವಾಗಿರಬೇಕು.

ಮುಪ್ಪಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಭಯವೇ ದೊಡ್ಡದು. ಅದಕ್ಕಾಗಿ ವಾರದಲ್ಲಿ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕೆಂದು ಮೇಲೆ ಹೇಳಿದ ಸಂಸ್ಥೆಯವರೇ ಸೂಚಿಸಿರುವರು. ಬೆಂಚಿನ ಬೆನ್ನನ್ನು ಹಿಡಿದು ಒಂಟಿಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಕೈಯೂರದೆ ಬೆಂಚಿನಿಂದೆದ್ದು ಮತ್ತೆ ಕೂರುವುದು, ಇಷ್ಟೇ ಸಾಕು. ಮಕ್ಕಳಿಗಾದರೋ ದಿನಕ್ಕೆ ಸರಾಸರಿ 60 ನಿಮಿಷಗಳ ಓಟ ಆಟ ಬೇಕು. ಹೀಗಿದ್ದೂ ಅನೇಕ ಉದ್ಯಾನಗಳ ಬಾಗಿಲಲ್ಲಿ ‘ಚೆಂಡಾಟ ನಿಷೇಧಿಸಿದೆ’ ಎಂಬ ಹಲಗೆಯೇ ಮೊದಲು ಕಣ್ಣಿಗೆ ಬೀಳುವುದು. ಹೂಗಿಡಗಳ ಮೇಲೆ ನಮಗೂ ಪ್ರೀತಿಯುಂಟು. ಆದರೂ ಮಕ್ಕಳಿಗೊಂದು ಮೂಲೆಯನ್ನಾದರೂ ಬಿಡಬಾರದೆ?

ನಮ್ಮ ಬೀದಿಯ ಉದ್ಯಾನದ ದೂರೊಂದನ್ನು ಇಲ್ಲಿ ಹೇಳಲೇಬೇಕಾಗಿದೆ. ಅದರ ಬಾಗಿಲಿಗೆ ಬೆಳಿಗ್ಗೆ ಹತ್ತಕ್ಕೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಮನೆಯ ಯಜಮಾನಿಗೆ ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಡಿಗೆ ಮುಗಿಸಿ, ಪಾತ್ರೆಗಳನ್ನು ಒತ್ತಟ್ಟಿಗಿರಿಸಿ ಕೈಯೊರಸಿಕೊಳ್ಳುವಷ್ಟರಲ್ಲಿ ಹತ್ತೂವರೆ. ಅವಳಿಗೆ ಬಿಡುವಿರುವ ಹೊತ್ತಿನಲ್ಲಿ ಬಾಗಿಲಿಗೆ ಬೀಗ. ಬಾಗಿಲು ತೆರೆದಿರುವ ಹೊತ್ತಿನಲ್ಲಿ ಅವಳಿಗೆ ಬಿಡುವಿಲ್ಲ. ಒಳಗೆ ಹೆಂಗಸರಿಗೊಂದು ಶೌಚಗೃಹವೂ ಇಲ್ಲದಿರುವುದರಿಂದ, ವಯಸ್ಸಾದವರು ಹತ್ತು ನಿಮಿಷಕ್ಕಿಂತ ಹೆಚ್ಚಾಗಿ ನಿಲ್ಲಲಾರದೆ ಹಿಂದಿರುಗುವರು. ಬೀದಿಯ ಇಪ್ಪತ್ತೆರಡು ಮಂದಿ ಹೆಂಗಸರು ಸೇರಿ ಇದನ್ನೆಲ್ಲ ಅರಿಕೆ ಬರೆದು ಕೊಟ್ಟರು. ಬರಹದ ಉತ್ತರ ಈವರೆಗೂ ಬಂದಿಲ್ಲ. ಆದರೆ ಅದನ್ನು ಓದಿದ ತೋಟದ ಮಾಲಿಯು, “ನಾನೇ ಇರ್ತೀನಲ್ಲಮ್ಮ, ಹನ್ನೆರಡರವರೆಗೆ ಚಿಕ್ಕಬಾಗಿಲು ತೆಗೆದಿಡ್ತೀನಿ, ಬನ್ನಿ” ಎಂದನು. ಶೌಚಗೃಹದ ವಿಷಯದಲ್ಲಿ ಅವನು ತಾನೆ ಏನು ಮಾಡಿಯಾನು?

ಇಂಥ ಅರಿಕೆಗಳಿಂದ ಏನಾದೀತೆಂದು ನಿರಾಶರಾಗುವವರಿಗೆ ಒಂದು ಸಂಗತಿಯನ್ನು ಜ್ಞಾಪಿಸುವೆವು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟಿದ್ದ ಸ್ಥಳವನ್ನು ಆಸ್ಪತ್ರೆ ಕಟ್ಟುವುದಕ್ಕಾಗಿ ಒಂದು ಟ್ರಸ್ಟಿಗೆ ಕೊಟ್ಟಾಗ, ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಲೋಕೋಪಕಾರದ್ದೇ ಅಲ್ಲವೆ ಎಂಬ ವಾದವು ಸುಲಭವಾಗಿ ತಳ್ಳಿಹಾಕತಕ್ಕದ್ದಾಗಿರಲಿಲ್ಲ. ಆದಾಗ್ಯೂ 1991ರಲ್ಲಿ ಸುಪ್ರೀಂ ಕೋರ್ಟು, ಬಯಲಿಗೆ ಬಿಟ್ಟ ಸ್ಥಳವು ಬಡಾವಣೆಯ ಜನರ ಗಾಳಿ ಬೆಳಕು ಆರೋಗ್ಯಗಳಿಗೆ ಅವಶ್ಯಕವಾದುದರಿಂದ ಅದನ್ನು ಬೇರೆ ಕೆಲಸಕ್ಕೆ ತಿರುಗಿಸಕೂಡದೆಂದು ನಿವಾಸಿಗಳ ಪಕ್ಷದಲ್ಲಿಯೇ ತೀರ್ಪಿತ್ತಿತು. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡುವುದಕ್ಕೆ ಕರ್ನಾಟಕದಲ್ಲಿ 1985ರ ಶಾಸನವೊಂದಿದೆ. ನಿಮ್ಮ ಬಡಾವಣೆಯ ನಕ್ಷೆಯಲ್ಲಿ ಹಸುರು ಬಣ್ಣ ಬಳಿದಿರುವುದೆಲ್ಲಿ ಎಂಬುದನ್ನು ಒಮ್ಮೆ ನೋಡಿಕೊಂಡಿರುವುದು ಮೇಲು.

ಅತ್ತಿಗೆಯವರ ಕಥೆಯನ್ನು ಅರ್ಧದಲ್ಲಿ ಬಿಟ್ಟೆವು. ಆ ಮಾತುಕತೆಯಾದ ಮೂರನೆಯ ದಿನ ಅಣ್ಣನವರು, ಯಾರೊಡನೆಯೂ ಏನನ್ನೂ ಹೇಳದೆ, ಹಿಂದಿನ ರಾತ್ರಿಯೇ ಫಿಲ್ಟರಿಗೆ ಕಾಫಿಪುಡಿ ಹಾಕಿಟ್ಟರು. ಪುಡಿ ಮೇಲಿನ ಪಾತ್ರೆಯ ಬದಲು ಕೆಳಗಿನದಕ್ಕೆ ಬಿದ್ದಿತ್ತು. ಅದನ್ನು ತಿದ್ದಿಕೊಳ್ಳುವುದಕ್ಕೆ ಒಂದು ದಿನ ಹಿಡಿಯಿತು. ಈಗ ತರಕಾರಿ ಹೆಚ್ಚುವ ಕೆಲಸವನ್ನು ಮಗನು ಕಚೇರಿಗೆ ಹೋಗುವ ಮೊದಲೇ ಮುಗಿಸುವನು. ಡಬ್ಬಿಯ ಒಗ್ಗರಣೆ ಸೊಸೆಯದು. ಭಾನುವಾರ ಸೊಸೆಯ ಸರದಿಯ ವಿಹಾರ, ಅಂದು ಒಗ್ಗರಣೆಯೂ ಮಗನದೇ. ಅಣ್ಣನವರು ಒಂದು ದಿನ ಬಿಟ್ಟು ಒಂದು ದಿನ ಲಾಲ್‌ಬಾಗಿಗೆ ಹೋಗುವರು, ಉಳಿದ ದಿನಗಳಲ್ಲಿ ಹಾಲು ಕಾಯಿಸಿಟ್ಟು ಸಂಜೆ ನಡೆಯುವರು. ಮೂವತ್ತು ವರ್ಷಗಳ ನಿಯಮವು ಮುರಿಯಿತೆಂದು ಗೆಳೆಯರೊಬ್ಬರು ಲೇವಡಿ ಮಾಡಿದಾಗ, ಅವರಿಗೂ ಫಿಲ್ಟರಿಗೆ ಪುಡಿ ಹಾಕುವ ಕ್ರಮವನ್ನು ವಿವರಿಸಿದರಂತೆ.

ಅತ್ತಿಗೆಯವರ ಸಕ್ಕರೆಯು ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ ಇಳಿಮುಖವಾಗಿದೆ. ವೈದ್ಯರು ಮಾತ್ರೆಯನ್ನು ಮಾತ್ರ ಬಿಡಿಸಿಲ್ಲ. ಈಗ ಅವರ ಜತೆಗೆ ಪಕ್ಕದ ಮನೆಯವರೂ ಎದುರುಮನೆಯವರೂ ಸೇರಿಕೊಂಡಿದ್ದಾರೆ. ಕೆರೆಯ ಸುತ್ತಿಗೆ ಮೊದಲು ಮೂರು ಕಡೆ ಕುಳಿತು ಏಳಬೇಕಾಗುತ್ತಿತ್ತಂತೆ, ಈಗ ಒಂದೇ ಕಡೆ ಕೂರುವರಂತೆ. “ಅಲ್ಲಿ ಕೂರುವುದು ಸುಸ್ತಿಗಲ್ಲ, ಮಾತಿಗೆ” ಎಂದು ನಿನ್ನೆ ಹೇಳಿದರು.