ಹಬ್ಬಕ್ಕೆ ಬಾರದವರನ್ನು ದೂರಬೇಡಿ

ಸಂಕ್ರಾಂತಿಗೆ ಸರ್ಕಾರಿ ರಜೆ ಒಂದೇ ದಿನ. ಬೆಂಗಳೂರಿನಿಂದ ಹಾವೇರಿ 300 ಕಿ.ಮೀ.ಗೂ ಹೆಚ್ಚು ದೂರ; ಹೋಗಿಬರುವುದರಲ್ಲೇ ರಜೆ ಮುಗಿಯುತ್ತದೆ. ಹೊಸದಾಗಿ ಮದುವೆಯಾಗಿ ಅಲ್ಲಿ ದುಡಿಯುತ್ತಿರುವ ನನ್ನ ಅಕ್ಕ, ಮಾಮಾ ಈ ಸಲ ಬಾಡಿಗೆ ಮನೆಯಲ್ಲೇ ಹಬ್ಬ ಮಾಡಿದರು. ‘ಊರು ಮರೆತರು’ ಎಂದರು ಬ್ಯಾಡಗಿಯ ಬಂಧುಗಳು.

ಆದರೆ ಜನವರಿ ಎಂದರೆ ಒಣಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ಊರಲ್ಲೇ ಇರುವ ಅಪ್ಪನಿಗೂ ಹಬ್ಬಕ್ಕೆ ಬಿಡುವಿಲ್ಲ; ಅವರನ್ನು ಯಾರೂ ದೂರುವುದಿಲ್ಲ. ಹೊಲದ ದುಡಿಮೆಗೆ ಇರುವ ರಿಯಾಯಿತಿ ಆಫೀಸಿನ ದುಡಿಮೆಗೇಕಿಲ್ಲ?

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅಕ್ಕನ ಮನೆಯಲ್ಲೂ ಬೆಂದಿತ್ತು. ಕುಸುರೆಳ್ಳು ನೆರೆಮನೆಯವರ ಕೈಗೂ ಸೇರಿತ್ತು. ಹಬ್ಬ ಅಲ್ಲಿಗೂ ಹೋಗಿದೆ.

ಪದವಿ ಮುಗಿಸಿ ನಾಳೆ ರಾಣೆಬೆನ್ನೂರಿನಲ್ಲಿ ರೈಲು ಹತ್ತುವವರು ನಾವೇ. ಹಿರಿಯರೇ, ಬಾರದವರಿಗೆ ಮಾತಿನ ಚುಚ್ಚು ಬೇಡ, ಬುತ್ತಿ ಕಳಿಸಿ.